ನಲ್ಲಿಯ ಕೀಲಿ

ನಗರಸಭೆಯ ಮೂರನೇ ಮಹಡಿಯಲ್ಲಿ ನನ್ನ ಮೇಜು.
ಕಡತದ ಬೆನ್ನ ಮೇಲೆ ಬರೆದದ್ದು:
ಟ್ಯಾನರಿ ಫ್ಲ್ಯಾಟ್ಸ್ ನೆರೆಹೊರೆ ಸಂಘ, ಬಯಲ ಸ್ಕೇಟಿಂಗ್ ಅಂಗಳ.
ಒಳಗೆ ವಿಮೆಯ ಪ್ರತಿ, ನೀರಿನ ಲೆಕ್ಕ,
ಹದಿನಾಲ್ಕು ವರ್ಷದ ವಿನಂತಿಗಳು.
ಎಲ್ಲದರ ಕೆಳಗೂ ಒಂದೇ ಸಹಿ, ಓ. ಹ್ನಾಟ್ಯುಕ್,
ಕೈಗವಸು ಕಳಚದೇ ಬರೆದಂಥ ಅಕ್ಷರ.

ಅವನನ್ನು ಮೊದಲು ಕಂಡದ್ದು ಜನವರಿಯ ಒಂದು ರಾತ್ರಿ,
ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಸಸ್ಕಾಚೆವಾನ್ ನದಿಯ ಕಡೆಯಿಂದ ಗಾಳಿ.
ಹಗಲೆಲ್ಲ ಬಸ್ಸು ಓಡಿಸಿ ಬಂದ ಒರೆಸ್ತ್
ಅಗ್ನಿಶಾಮಕದವರ ಹಳೇ ಪೈಪನ್ನು
ಎಳೆಗರುವಿನಂತೆ ಹೆಗಲಿಗೇರಿಸಿಕೊಂಡು ನಡೆಯುತ್ತಿದ್ದ.
ಸಂಬಳವಿಲ್ಲದ ಊರ ಉಸಾಬರಿ.

"ಒಮ್ಮೆಲೇ ಸುರಿದರೆ ಬಿರಿಯುತ್ತದೆ" ಅಂದ.
"ತೆಳ್ಳಗೆ ಒಂದು ಪದರ. ಕಾಯಬೇಕು.
ಕಾಫಿ ಕುಡಿದು ಬಂದು ಇನ್ನೊಂದು."
ಅಂದಿನದು ಹದಿನೇಳನೆಯದು.
ಹನಿಗೂಡಿ ಹಳ್ಳವಾಗುವುದನ್ನು ಎಲ್ಲರೂ ಬಲ್ಲರು;
ಹನಿಗೂಡಿ ನೆಲವಾಗುವುದನ್ನು ನಾನಲ್ಲಿ ನೋಡಿದೆ.

ಶೆಡ್ಡಿನೊಳಗೆ ಹೀಟರು ಕೆಮ್ಮುತ್ತಿತ್ತು.
ಆಸ್ಪತ್ರೆಯ ನರ್ಸು ಲಿಗಾಯಾ
ಯಾರದೋ ಮಗುವಿನ ಸ್ಕೇಟಿನ ಲೇಸು ಬಿಗಿಯುತ್ತ
ತಲೆ ಎತ್ತದೆ ಕೇಳಿದಳು:
"ಆಫೀಸಿನವರಾ? ಶೌಚಾಲಯದ ಕೊಳವೆ ಹೆಪ್ಪುಗಟ್ಟಿ ಎರಡು ವಾರ.
ಅರ್ಜಿ ಸಂಖ್ಯೆ ಹೇಳಲಾ?"
ಬೇಕಿರಲಿಲ್ಲ. ಸಂಖ್ಯೆ ನನಗೆ ಬಾಯಿಪಾಠವಾಗಿತ್ತು.

ಒಂದು ವರ್ಷ ನಾವು ಒಳ್ಳೆಯವರಾಗಲು ಹೋದೆವು.
ಪಾಪ, ದಣಿದಿದ್ದಾರೆ ಎಂದು ಟಿಪ್ಪಣಿ ಬರೆದವಳು ನಾನೇ.
ಟೆಂಡರು ಕರೆದೆವು. ಲಾರಿ ಬಂತು, ಯಂತ್ರ ಬಂತು,
ಒಂದೇ ಹಗಲಲ್ಲಿ ಕನ್ನಡಿಯಂಥ ಐಸು,
ಬಾಗಿಲಿಗೆ ಹೊಸ ಬೀಗ, ಸಂಜೆ ಐದಕ್ಕೆ ಬಂದ್.
ಒರೆಸ್ತ್ ತನ್ನ ಕೀಲಿಯನ್ನು ಲಕೋಟೆಯಲ್ಲಿಟ್ಟು ಕಳಿಸಿದ.
ಜೊತೆಗೆ ಪತ್ರವಿರಲಿಲ್ಲ.

ಆ ಚಳಿಗಾಲದ ಅಂಕಿಅಂಶ ಬಲು ಚೆಂದ.
ದಪ್ಪ: ಹದಿನೈದು ಸೆಂಟಿಮೀಟರ್. ದೂರು: ಸೊನ್ನೆ.
ದೂರಲು ಅಲ್ಲಿ ಯಾರಾದರೂ ಇರಬೇಕಲ್ಲ.
ಆರಕ್ಕೆ ಬಸ್ಸಿಳಿದ ಮಕ್ಕಳು
ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನೋಡಿ ಹೋದರು.
ಬಿದ್ದವರಿಗೆ ಏಳುವುದನ್ನು ಕಲಿಸುತ್ತಿದ್ದ ಮುದುಕಿ ಕಾರ್ಡಿನಲ್
ಮನೆಯಲ್ಲಿ ಟೀವಿ ಹಚ್ಚಿಕೊಂಡು ಕೂತಳು.
ಬೀದಿಯ ಮನೆಗಳು ಮತ್ತೆ ಬರೀ ನಂಬರುಗಳಾದವು.

ಮಾರ್ಚಿನ ಸಭೆಯಲ್ಲಿ ಎದ್ದು ನಿಂತೆ. ಭಾಷಣ ಬಾರದು ನನಗೆ.
ನೀರು ಕೊಡೋಣ, ಬಿಲ್ಲು ಕಳಿಸುವುದು ಬೇಡ, ಅಂದೆ.
ಯಾರಾದರೂ ಬಿದ್ದು ಕೈ ಮುರಿದುಕೊಂಡರೆ
ಆ ಭಾರ ಒಬ್ಬ ಬಸ್ ಡ್ರೈವರನ ಮನೆಯ ಮೇಲೇಕೆ?
ವಿಮೆ ನಮ್ಮದಿರಲಿ.
ಹನ್ನೊಂದು ಪುಟದ ಅರ್ಜಿ ಒಂದಾಗಲಿ.
ಕೊಳವೆ ಒಡೆದ ರಾತ್ರಿ
ಫೋನಿನ ಆ ತುದಿಯಲ್ಲಿ ಮನುಷ್ಯರ ದನಿಯಿರಲಿ.

"ಆಮೇಲೆ?" ಅಧ್ಯಕ್ಷರು ಕೇಳಿದರು.
ಆಮೇಲೆ ದಾರಿ ಬಿಡೋಣ.
"ನಗರಸಭೆಯ ಹೆಸರಿನ ಫಲಕ?"
ಶೌಚಾಲಯದ ಬಾಗಿಲಿಗೆ ಹಾಕಿಸಬಹುದು, ಅಂದೆ.
ಅರ್ಧ ಸಭೆ ನಕ್ಕಿತು.
ಠರಾವೂ ಅರ್ಧವೇ ಪಾಸಾಯಿತು:
ವಿಮೆ ಬಂತು, ನೀರು ಬಂತು;
ಶೌಚಾಲಯವನ್ನು ಮುಂದಿನ ಆಯವ್ಯಯದಲ್ಲಿ ಪರಿಶೀಲಿಸಲಾಗುವುದು.

ನವೆಂಬರಿನಲ್ಲಿ ಕೀಲಿ ಕೊಡಲು ನಾನೇ ಹೋದೆ.
ಮಂಡಿಯ ಆಪರೇಶನ್ ಆಗಿ ಒರೆಸ್ತ್ ಕುರ್ಚಿಯಲ್ಲಿದ್ದ,
ಕಂಬಳಿಯೊಳಗಿಂದ ಮೂಗು ಮಾತ್ರ.
ಕೀಲಿಗೆ ಕೈ ಚಾಚಲಿಲ್ಲ. ಗದ್ದದಿಂದ ತೋರಿಸಿದ.
ಅಲ್ಲಿ ಫಿಲ್ಮೋನ್, ಹದಿನೇಳರ ಹುಡುಗ,
ಮಸಾವಾದ ಸುಡು ಕರಾವಳಿಯಲ್ಲಿ ಹುಟ್ಟಿದವನು,
ಎರಡೂ ಕೈಯಲ್ಲಿ ಪೈಪು ತಬ್ಬಿ
ನೀರನ್ನು ಬೀಸಣಿಗೆಯಂತೆ ಬಿಚ್ಚುತ್ತಿದ್ದ.
"ತೆಳ್ಳಗೆ!" ಕುರ್ಚಿ ಕೂಗಿತು.
"ಗೊತ್ತು, ಗೊತ್ತು" ಅಂದಿತು ಕತ್ತಲು.

ಕೀಲಿ ಅವನ ಜೇಬು ಸೇರಿತು.
ಪೈಪು ನನ್ನ ಕೈಗೆ ಬಂತು, ಕೇಳದೆಯೇ.
ಈ ವರ್ಷದ ಐಸಿನಲ್ಲಿ ಕೆಳಗಿಂದ ಮೂರನೆಯ ಪದರ ನನ್ನದು,
ಈಶಾನ್ಯದ ಮೂಲೆಯಲ್ಲಿ ಕೊಂಚ ಉಬ್ಬು.
ಮಕ್ಕಳು ಅಲ್ಲೇ ಎಡವುತ್ತಾರಂತೆ.
ಕಡತದ ಯಾವ ಪುಟದಲ್ಲಿ ಅದನ್ನು ನಮೂದಿಸುವುದೋ
ಇನ್ನೂ ತಿಳಿದಿಲ್ಲ.